‘ಕಾಯಿ’ ಸೀಮೆ: ಕಡಲಿಲ್ಲದ ನಾಡನ್ನು ನೀರಿನ ದಾರಿ ಹಿಡಿದು ಓದುವುದು

ಪ್ರಶ್ನೆ: ಫುಜಿ ಪರ್ವತ ನೋಡಲು ಹೊರಟಿದ್ದೇನೆ. ಅದಕ್ಕೆಂದು ಓದುತ್ತಾ ಹೋದರೆ ಒಂದು ಕಡೆ ಯಮನಾಶಿ, ಇನ್ನೊಂದು ಕಡೆ ಕಾಯಿ, ಮತ್ತೊಂದು ಕಡೆ ಕೋಶೂ ಅಂತ ಬರುತ್ತದೆ. ಮೂರೂ ಒಂದೇ ಜಾಗವೇ? ಸುತ್ತ ಬೆಟ್ಟ, ಸಮುದ್ರವಿಲ್ಲ, ಗದ್ದೆಯೂ ಕಡಿಮೆ. ಅಂಥ ಸೀಮೆಯಿಂದ ತಕೇದಾ ಶಿಂಗೆನ್‌ನಂಥ ಬಲಿಷ್ಠ ದೊರೆ ಹೇಗೆ ಬಂದ? ಅವನು ಕಟ್ಟಿಸಿದ ‘ಶಿಂಗೆನ್ ಒಡ್ಡು’ ಅಂದರೆ ಅಣೆಕಟ್ಟೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಒಂದೇ ಮಾತಿನ ಉತ್ತರ: ಅಲ್ಲ. ಅದು ನೀರು ನಿಲ್ಲಿಸುವ ಕಟ್ಟೆಯಲ್ಲ, ನೀರಿನ ಜಗಳ ಬಿಡಿಸುವ ಏರ್ಪಾಡು. ಅದನ್ನು ಅರ್ಥ ಮಾಡಿಕೊಂಡರೆ ಮಿಕ್ಕ ಪ್ರಶ್ನೆಗಳೂ ಬಿಡಿಸಿಕೊಳ್ಳುತ್ತವೆ. ಆದರೆ ಹೆಸರುಗಳ ಗೋಜಲನ್ನು ಮೊದಲು ಮುಗಿಸೋಣ.

‘ಕಾಯಿ’ ಎಂಬುದು ಜಪಾನಿನ ಹಳೆಯ ಪ್ರಾಂತ್ಯದ ಹೆಸರು. ಎರಡು ಚೀನೀ ಅಕ್ಷರಗಳಲ್ಲಿ ಬರೆಯುವ ಆ ಹೆಸರಿನ ಮೊದಲ ಅಕ್ಷರಕ್ಕೆ ‘ಕೋ’ ಎಂಬ ಇನ್ನೊಂದು ಉಚ್ಚಾರವಿದೆ. ಅದಕ್ಕೆ ‘ನಾಡು’ ಎಂಬರ್ಥದ ‘ಶೂ’ ಸೇರಿಸಿ ಆಡುಮಾತಿನಲ್ಲಿ ಕೋಶೂ ಅಂದರು. ಅದೇ ‘ಕೋ’ಗೆ ರಾಜಧಾನಿ ಎಂಬರ್ಥದ ‘ಫು’ ಸೇರಿದಾಗ ಕೋಫು ಆಯಿತು. ಹಾಗಾಗಿ ಕಾಯಿ, ಕೋಶೂ ಎರಡೂ ಒಂದೇ. ಯಮನಾಶಿಯ ಕಥೆ ಬೇರೆ. ಹಳೆಯ ಕಾಯಿಯಲ್ಲಿ ಯಮನಾಶಿ, ಯತ್ಸುಶಿರೊ, ಕೊಮಾ, ತ್ಸುರು ಎಂದು ನಾಲ್ಕು ಜಿಲ್ಲೆಗಳಿದ್ದವು. ಪ್ರಾಂತ್ಯಗಳು ಹೋಗಿ ಆಡಳಿತ ಹೊಸದಾದಾಗ, 1871ರಲ್ಲಿ, ಆ ನಾಲ್ಕರಲ್ಲಿ ಒಂದರ ಹೆಸರನ್ನು ಇಡೀ ಹೊಸ ಆಡಳಿತ ಘಟಕಕ್ಕೆ ಕೊಟ್ಟರು. ಗಡಿ ಹೆಚ್ಚುಕಡಿಮೆ ಹಳೆಯದೇ ಉಳಿಯಿತು. ಹಳೆಯ ಪ್ರಾಂತ್ಯವೂ ಇಂದಿನ ಆಡಳಿತ ಘಟಕವೂ ಇಷ್ಟು ಚೆನ್ನಾಗಿ ಹೊಂದಿಕೊಳ್ಳುವ ಜಾಗಗಳು ಜಪಾನಿನಲ್ಲಿ ಹೆಚ್ಚಿಲ್ಲ. ಸುತ್ತ ಬೆಟ್ಟಗಳೇ ಗಡಿಯಾಗಿದ್ದರೆ ಗುಮಾಸ್ತರು ಗೆರೆ ಬದಲಿಸುವುದು ಕಷ್ಟ.

ನಕ್ಷೆ ಹಿಡಿದು ಹೋಗುವವರು ಎಡವುವ ಜಾಗ ಇನ್ನೊಂದಿದೆ. ಈ ಶತಮಾನದಲ್ಲಿ ಊರುಗಳನ್ನು ಒಟ್ಟುಗೂಡಿಸಿ ಹೊಸ ನಗರಸಭೆಗಳನ್ನು ಮಾಡಿದಾಗ 2004ರಲ್ಲಿ ‘ಕಾಯಿ ನಗರ’, 2005ರಲ್ಲಿ ‘ಕೋಶೂ ನಗರ’ ಹುಟ್ಟಿದವು. ‘ಯಮನಾಶಿ ನಗರ’ ಅಂತಲೂ ಒಂದಿದೆ. ಈ ಮೂರೂ ಹಳೆಯ ಪ್ರಾಂತ್ಯದ ಒಂದೊಂದು ತುಣುಕು ಮಾತ್ರ. ಶಿಂಗೆನ್ ಒಡ್ಡು ಇರುವುದು ಕೋಫುವಿನ ಪಶ್ಚಿಮಕ್ಕಿರುವ ಕಾಯಿ ನಗರದಲ್ಲಿ. ದ್ರಾಕ್ಷಿಯ ಕತ್ಸುನುಮಾ ಇರುವುದು ಪೂರ್ವಕ್ಕಿರುವ ಕೋಶೂ ನಗರದಲ್ಲಿ. ಹಳೆಯ ಬರಹದಲ್ಲಿ ‘ಕೋಶೂ’ ಕಂಡರೆ ಇಡೀ ಪ್ರಾಂತ್ಯವೆಂದು ತಿಳಿಯಿರಿ. ರೈಲು ಟಿಕೆಟ್ಟಿಗೋ ಹೋಟೆಲಿಗೋ ‘ಕೋಶೂ’ ಎಂದಿದ್ದರೆ ಆ ಪುಟ್ಟ ನಗರವೇ ಎಂದು ಪರೀಕ್ಷಿಸಿಕೊಳ್ಳಿ.

ಈಗ ನೆಲ. ವಿಸ್ತೀರ್ಣ ಸುಮಾರು 4,465 ಚದರ ಕಿ.ಮೀ., ಅದರಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ಕಾಡು. ದಕ್ಷಿಣದಲ್ಲಿ 3,776 ಮೀಟರಿನ ಫುಜಿ, ಪಶ್ಚಿಮದಲ್ಲಿ ಜಪಾನಿನ ಎರಡನೇ ಎತ್ತರದ ಶಿಖರ, 3,193 ಮೀಟರಿನ ಕಿತಾದಾಕೆ. ನಡುವೆ ಬೋಗುಣಿಯಂತೆ ಕೋಫು ಬಯಲು. ಈ ಬೋಗುಣಿ ಮತ್ತು ಅದರ ಸುತ್ತಿನ ಭಾಗಕ್ಕೆ ಕುನಿನಾಕ, ಅಂದರೆ ‘ನಾಡಿನ ಒಳಗು’ ಎಂದು ಹೆಸರು. ಪೂರ್ವದಲ್ಲಿ ಮಿಸಾಕ ಮತ್ತು ದಾಯಿಬೊಸಾತ್ಸು ಬೆಟ್ಟಸಾಲುಗಳ ಆಚೆಗಿನ ತ್ಸುರು ಜಿಲ್ಲೆಗೆ ಗುನ್ನಾಯಿ ಎಂದು ಹೆಸರು. ಎರಡರ ನಡುವೆ ಸಸಾಗೊ ಘಾಟಿ. ಗುನ್ನಾಯಿಯ ನೀರು ಕತ್ಸುರಾ ನದಿಯಾಗಿ ಪೂರ್ವಕ್ಕೆ ಹರಿದು ಸಗಾಮಿ ಕೊಲ್ಲಿ ಸೇರುತ್ತದೆ. ಕುನಿನಾಕದ ನೀರು ಫುಯೆಫುಕಿ, ಕಮನಾಶಿ ಎಂಬ ಎರಡು ನದಿಗಳಾಗಿ ಬೋಗುಣಿಯ ದಕ್ಷಿಣದ ಮೂಲೆಯಲ್ಲಿ ಕೂಡಿ, ಫುಜಿ ನದಿಯೆಂಬ ಹೆಸರಿನಲ್ಲಿ ಸುರುಗಾ ಕೊಲ್ಲಿಗೆ ಇಳಿಯುತ್ತದೆ. ಆ ಇಳಿಜಾರು ಕಣಿವೆ ಕವಾವುಚಿ. ನೀರು ಬೇರೆಯಾದಂತೆ ರಾಜಕೀಯವೂ ಬೇರೆ: ತಕೇದಾಗಳ ಕಾಲದಲ್ಲೂ ಗುನ್ನಾಯಿ ಓಯಾಮಾದಾ ಮನೆತನದ ಕೈಯಲ್ಲಿತ್ತು. ಇಂದಿಗೂ ಜಪಾನಿನ ಹವಾಮಾನ ಇಲಾಖೆ ಯಮನಾಶಿಗೆ ಎರಡು ಮುನ್ಸೂಚನೆ ಕೊಡುತ್ತದೆ, ‘ಮಧ್ಯ ಮತ್ತು ಪಶ್ಚಿಮ’ ಒಂದು, ‘ಪೂರ್ವ ಮತ್ತು ಫುಜಿಯ ಐದು ಕೆರೆಗಳು’ ಇನ್ನೊಂದು. ನೀವು ಕೋಫುವಿನ ಮುನ್ಸೂಚನೆ ನೋಡಿಕೊಂಡು ಕವಾಗುಚಿ ಕೆರೆಗೆ ಹೊರಟರೆ ಮೋಸ ಹೋಗುವುದು ಇದಕ್ಕೇ.

ಕಡಲಿಲ್ಲದ ಈ ನಾಡನ್ನು ಪ್ರಾಚೀನ ಸರ್ಕಾರ ‘ತೋಕಾಯ್‌ದೋ’, ಅಂದರೆ ಪೂರ್ವ ಕಡಲ ಮಾರ್ಗದ ಪ್ರಾಂತ್ಯಗಳಲ್ಲಿ ಸೇರಿಸಿತ್ತು. ತಪ್ಪಲ್ಲ: ಸರ್ಕಾರಿ ರಸ್ತೆ ಸುರುಗಾದ ಕಡಲ ದಾರಿಯಿಂದ ಕವಲೊಡೆದು, ಫುಜಿಯ ಪೂರ್ವದ ತಪ್ಪಲು ಹತ್ತಿ, ಕವಾಗುಚಿ ಕೆರೆಯ ಬದಿಯಿಂದ ಮಿಸಾಕ ಘಾಟಿ ದಾಟಿ ಬೋಗುಣಿಗೆ ಇಳಿಯುತ್ತಿತ್ತು. ಆಗ ಈ ನಾಡು ಹೆಸರಾಗಿದ್ದು ಕುದುರೆಗೆ. ಹತ್ತನೇ ಶತಮಾನದ ಕಟ್ಟಳೆಗಳ ಪ್ರಕಾರ ಇಲ್ಲಿನ ಮೂರು ರಾಜ ಹುಲ್ಲುಗಾವಲುಗಳು ವರ್ಷಕ್ಕೆ 60 ಕುದುರೆ ಕಳಿಸಬೇಕಿತ್ತು. 864ರಲ್ಲಿ ಫುಜಿಯ ವಾಯವ್ಯ ಮಗ್ಗುಲು ಒಡೆದು ಲಾವಾ ಹರಿದು ಸೆನೊಉಮಿ ಎಂಬ ದೊಡ್ಡ ಕೆರೆಯನ್ನು ತುಂಬಿತು. ಉಳಿದ ಎರಡು ತುಣುಕುಗಳೇ ಇಂದಿನ ಸಾಯಿಕೊ ಮತ್ತು ಶೋಜಿಕೊ. ಲಾವಾದ ಮೇಲೆ ಬೆಳೆದದ್ದು ಅಓಕಿಗಹಾರಾ ಕಾಡು. ನೀವು ಆ ಕಾಡಿನಲ್ಲಿ ನಡೆದರೆ ಮಣ್ಣು ತೀರಾ ತೆಳು, ಬೇರುಗಳೆಲ್ಲ ಕಲ್ಲಿನ ಮೇಲೆಯೇ ಹರಡಿರುವುದು ಕಾಣುತ್ತದೆ.

ಇನ್ನು ಒಡ್ಡು. ಶಿಂಗೆನ್ ತಂದೆಯನ್ನು ಗಡೀಪಾರು ಮಾಡಿ ಪಟ್ಟ ಹಿಡಿದದ್ದು 1541ರಲ್ಲಿ. ಮರುವರ್ಷವೇ ದೊಡ್ಡ ನೆರೆ. ತೊಂದರೆ ಇದ್ದದ್ದು ಕಮನಾಶಿ ನದಿಯಲ್ಲಿ ಮಾತ್ರವಲ್ಲ, ಪಶ್ಚಿಮದ ಎತ್ತರದ ಬೆಟ್ಟಗಳಿಂದ ಧುಮುಕುವ ಮಿದಾಯಿ ಎಂಬ ಅದರ ಉಪನದಿಯಲ್ಲೂ. ಮಳೆ ಬಂದಾಗ ಅದು ನೀರಿಗಿಂತ ಹೆಚ್ಚಾಗಿ ಕಲ್ಲು ತರುತ್ತದೆ. ಬಯಲಿಗೆ ಬಂದೊಡನೆ ವೇಗ ತಗ್ಗಿ ಆ ಕಲ್ಲನ್ನು ಬೀಸಣಿಗೆಯಾಕಾರದಲ್ಲಿ ಹರಡುತ್ತದೆ. ಅದರ ಹರಿವು ಕಮನಾಶಿಯ ಪಕ್ಕೆಗೆ ನೇರ ಗುದ್ದುತ್ತಿತ್ತು. ಗುದ್ದಿಗೆ ಕಮನಾಶಿ ಪೂರ್ವಕ್ಕೆ ವಾಲಿ ರ್ಯೂಓ ಬಳಿ ದಡ ಒಡೆದು ಕೋಫುವಿನ ಕಡೆ ನುಗ್ಗುತ್ತಿತ್ತು. ಬರೀ ಪೂರ್ವ ದಡ ಎತ್ತರಿಸಿದರೆ ಏನಾಗುತ್ತದೆ? ಕಲ್ಲು ಬಂದು ಪಾತ್ರ ಏರುತ್ತದೆ, ದಡ ಮತ್ತೆ ಎತ್ತರಿಸಬೇಕು, ಕೊನೆಗೆ ನದಿ ಊರಿಗಿಂತ ಮೇಲೆ ಹರಿಯುತ್ತದೆ. ಆಗ ಒಡೆದರೆ ಸರ್ವನಾಶ.

ಪರಂಪರೆ ಹೇಳುವ ಪರಿಹಾರ ಹೀಗೆ. ಮಿದಾಯಿಯ ಮೇಲ್ಭಾಗದಲ್ಲಿ ಕಲ್ಲು ಪೇರಿಸಿದ ಮೋಟುಗೋಡೆಗಳು ಹರಿವನ್ನು ಒಂದು ಮಗ್ಗುಲಿಗೆ ತಿರುಗಿಸುತ್ತವೆ. ಸ್ವಲ್ಪ ಕೆಳಗೆ ಚದುರಂಗದಂಥ ಶೋಗಿ ಆಟದ ಕಾಯಿಯಂತೆ ಮೂತಿ ಚೂಪಾದ ಕಲ್ಲುಕಟ್ಟಡ ಹರಿವನ್ನು ಎರಡಾಗಿ ಸೀಳುತ್ತದೆ. ಮುಖ್ಯ ಕವಲನ್ನು ಒಂದು ದಿಬ್ಬ ಕಡಿದು ಉತ್ತರಕ್ಕೆ ಒಯ್ದು, ಕಮನಾಶಿಗೆ ಇನ್ನಷ್ಟು ಮೇಲ್ಗಡೆಯೇ ಸೇರಿಸಲಾಯಿತು. ಸೇರುವ ಜಾಗದಲ್ಲಿ 16 ದೊಡ್ಡ ಬಂಡೆಗಳು. ಹೀಗೆ ಕೂಡಿದ ಎರಡೂ ನದಿಗಳ ಹೊಡೆತ ಹೋಗಿ ಬೀಳುವುದು ಪೂರ್ವ ದಡದ ‘ತಕಾಇವಾ’ ಎಂಬ ಗಟ್ಟಿ ಬಂಡೆಗೋಡೆಯ ಮೇಲೆ. ಮನುಷ್ಯ ಕಟ್ಟಿದ್ದು ಒಡೆಯಬಹುದು, ಆ ಬಂಡೆ ಒಡೆಯುವುದಿಲ್ಲ. ಸುಸ್ತಾದ ನೀರು ಅಲ್ಲಿಂದ ಕೆಳಕ್ಕೆ ಹರಿಯುವಾಗ ಸಿಗುವುದೇ ಶಿಂಗೆನ್ ಒಡ್ಡು. ಇಡೀ ಯೋಜನೆಯ ಜಾಣ್ಮೆ ಇರುವುದು ನೀರಿನ ಎದುರಾಳಿಯನ್ನು ಆರಿಸಿದ್ದರಲ್ಲಿ.

ಈ ಒಡ್ಡು ಒಂದೇ ಉದ್ದದ ದಿಬ್ಬವಲ್ಲ. ನಡುನಡುವೆ ತೆರಪು ಬಿಟ್ಟ ತುಂಡುಗಳು. ಒಂದು ತುಂಡಿನ ಕೆಳತುದಿ ಮುಗಿಯುವ ಮೊದಲೇ ಅದರ ಹಿಂದೆ, ಊರಿನ ಬದಿಯಲ್ಲಿ, ಮುಂದಿನ ತುಂಡು ಶುರುವಾಗುತ್ತದೆ. ಹೆಂಚಿನ ಮೇಲೆ ಹೆಂಚು ಹೊದಿಸಿದ ಹಾಗೆ. ತೆರಪಿನಿಂದ ನೀರು ನೇರ ನುಗ್ಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ನುಗ್ಗುವುದಿಲ್ಲ, ಏಕೆಂದರೆ ತೆರಪಿನ ಬಾಯಿ ಕೆಳಹರಿವಿನ ಕಡೆಗಿದೆ. ನೆರೆ ಏರಿದಾಗ ನೀರು ಹಿಮ್ಮುಖವಾಗಿ, ಮೆಲ್ಲಗೆ ಹೊಲಗಳಿಗೆ ಹಬ್ಬುತ್ತದೆ. ಮೆಲ್ಲಗೆ ಬರುವ ನೀರು ಕಲ್ಲು ಹೊರುವುದಿಲ್ಲ, ನುಣುಪು ಕೆಸರನ್ನಷ್ಟೇ ತರುತ್ತದೆ. ನೆರೆ ಇಳಿದಾಗ ಅದೇ ಬಾಯಿಂದ ವಾಪಸು ಹೋಗುತ್ತದೆ. ಮೇಲೆ ಎಲ್ಲೋ ಒಡ್ಡು ಒಡೆದರೂ, ಹೊರಗೆ ಹರಿದ ನೀರನ್ನು ಹಿಂದಿನ ತುಂಡು ತಡೆದು ತೆರಪಿನ ಮೂಲಕ ಮತ್ತೆ ನದಿಗೆ ತಳ್ಳುತ್ತದೆ. ಈ ಬಗೆಯ ಒಡ್ಡಿಗೆ ಕಾಸುಮಿ, ಅಂದರೆ ‘ಮಂಜಿನ ತೆರೆ’ ಎಂಬ ಚೆಂದದ ಹೆಸರು ಬಂದದ್ದು ಮೇಜಿ ಕಾಲದಲ್ಲಿ (1868–1912), ಶಿಂಗೆನ್ ಸತ್ತು ಮುನ್ನೂರು ವರ್ಷದ ಮೇಲೆ. ಈ ವ್ಯವಸ್ಥೆ ಕೆಡುವುದು ಎರಡು ರೀತಿಯಲ್ಲಿ: ಪಾತ್ರದಲ್ಲಿ ಕಲ್ಲು ತುಂಬಿ ನೀರಿನ ಮಟ್ಟ ಸದಾ ತೆರಪಿಗಿಂತ ಮೇಲಿದ್ದರೆ, ಅಥವಾ ನೀರಿಗೆಂದು ಬಿಟ್ಟ ಹೊಲದಲ್ಲಿ ಜನ ಮನೆ ಕಟ್ಟಿಕೊಂಡರೆ. ಎರಡನೆಯದು ಎಲ್ಲ ದೇಶಕ್ಕೂ ಗೊತ್ತಿರುವ ರೋಗ.

ಒಡ್ಡಿನ ಪಕ್ಕದಲ್ಲಿ ಮರದ ತೊಲೆಗಳ ವಿಚಿತ್ರ ಚೌಕಟ್ಟುಗಳನ್ನು ಕಾಣುತ್ತೀರಿ. ಅದು ಸೇಗ್ಯೂ, ‘ಪುಣ್ಯದ ಹಸು’. ತೊಲೆಗಳನ್ನು ಮುಕ್ಕಾಲಿಯಂತೆ ಜೋಡಿಸಿ, ಹಿಂದಕ್ಕೆ ಇಳಿಜಾರಾದ ಬೆನ್ನೆಲುಬಿನ ತೊಲೆಯೊಂದನ್ನು ಕಟ್ಟುತ್ತಾರೆ. ಮುಂದೆ ಚಾಚಿದ ತುದಿಗಳು ಕೊಂಬಿನಂತೆ ಕಾಣುವುದರಿಂದ ಆ ಹೆಸರು. ಮರ ತೇಲಿಹೋಗದಂತೆ ಕಾಲುಗಳ ಮೇಲೆ ಉದ್ದನೆಯ ಬಿದಿರ ಬುಟ್ಟಿಗಳಲ್ಲಿ ಕಲ್ಲು ತುಂಬಿ ಹೇರುತ್ತಾರೆ. ಗೂಟ ಏಕೆ ಹೊಡೆಯಲಿಲ್ಲ? ಗುಂಡುಕಲ್ಲಿನ ಪಾತ್ರಕ್ಕೆ ಗೂಟ ಇಳಿಯುವುದಿಲ್ಲ. ಸೇಗ್ಯೂ ನೀರನ್ನು ತಡೆಯುವುದಿಲ್ಲ, ಸೋಸುತ್ತದೆ. ವೇಗ ತಗ್ಗಿ ಅದರ ಸುತ್ತ ಮರಳು ಕೂತು, ಕೆಲವು ನೆರೆಗಳಲ್ಲಿ ದಡವೇ ಬೆಳೆಯುತ್ತದೆ. ಮರ ಕೊಳೆಯುತ್ತದೆ, ಕಾಲಡಿಯ ಕಲ್ಲು ಕೊರೆದುಹೋದರೆ ಹಸು ಮಗುಚುತ್ತದೆ. ಹಾಗಾಗಿ ಅದು ಕಟ್ಟಿ ಮರೆಯುವ ವಸ್ತುವಲ್ಲ, ಪಕ್ಕದಲ್ಲಿ ಜನ ಬೇಕು. ಶಿಂಗೆನ್‌ನ ನಿಜವಾದ ಆಡಳಿತ ಬುದ್ಧಿ ಕಾಣುವುದು ಇಲ್ಲಿ: ರ್ಯೂಓ ದಡಕ್ಕೆ ಬಂದು ನೆಲೆಸುವವರಿಗೆ ಮನೆ ತೆರಿಗೆ ಮಾಫಿ ಎಂದು 1560ರಲ್ಲಿ ಮುದ್ರೆಯೊತ್ತಿ ಬರೆದುಕೊಟ್ಟ. ಈ ಪತ್ರ ಗಟ್ಟಿ ಪುರಾವೆ. ಮಿದಾಯಿಯ ಎಲ್ಲ ಕಾಮಗಾರಿಯೂ ಅವನೊಬ್ಬನದೇ ಎಂಬ ಪೂರ್ತಿ ಚಿತ್ರ ಬರುವುದು 1814ರಲ್ಲಿ ಮುಗಿದ ಪ್ರಾಂತ್ಯ ವಿವರಣೆಯಲ್ಲಿ. ಅದನ್ನು ಅಷ್ಟೇ ಎಚ್ಚರದಿಂದ ಒಪ್ಪಬೇಕು. ಈಗಲೂ ಏಪ್ರಿಲ್ 15ರ ಹಬ್ಬದಲ್ಲಿ ದೇಗುಲದ ಪಲ್ಲಕ್ಕಿ ಈ ಒಡ್ಡಿಗೆ ಬರುತ್ತದೆ.

ಈಗ ‘ಬಡ ನಾಡು, ಬಲಿಷ್ಠ ದೊರೆ’ ಎಂಬ ಪ್ರಶ್ನೆ. ಹದಿನಾರನೇ ಶತಮಾನದ ಕೊನೆಯ ಅಳತೆಯಲ್ಲಿ ಕಾಯಿಯ ಹುಟ್ಟುವಳಿ ಸುಮಾರು 2.27 ಲಕ್ಷ ಕೊಕು ಅಕ್ಕಿ (ಒಂದು ಕೊಕು ಸುಮಾರು 180 ಲೀಟರ್). ಅದೇ ಕಾಲದ ಇನ್ನೊಬ್ಬ ದೊರೆ ಓದಾ ನೊಬುನಾಗನ ಓವಾರಿ ಪ್ರಾಂತ್ಯದ್ದು 5.7 ಲಕ್ಷ. ಈ ಕೊರತೆ ತುಂಬಲು ಶಿಂಗೆನ್‌ಗೆ ಇದ್ದ ದಾರಿ ಎರಡು. ಒಂದು ಉತ್ತರದ ಶಿನಾನೊ ಪ್ರಾಂತ್ಯವನ್ನು ನುಂಗುವುದು. ಎದುರಾಳಿ ದೊರೆ ಉಏಸುಗಿ ಕೆನ್‌ಶಿನ್ ಜೊತೆ ಕವಾನಕಾಜಿಮಾದಲ್ಲಿ 1553ರಿಂದ 1564ರವರೆಗೆ ಐದು ಸಲ ಮುಖಾಮುಖಿಯಾದದ್ದು ಅದಕ್ಕೇ. ಇನ್ನೊಂದು ಚಿನ್ನ. ಕುರೊಕಾವಾ, ಯುನೊಒಕು ಗಣಿಗಳ ಕೆಲಸಗಾರರು ಬಂಡೆ ಅಗೆಯುವುದರಲ್ಲಿ ನಿಪುಣರು. ಫುಕಸಾವಾ ಕೋಟೆಯ ಮುತ್ತಿಗೆಯಲ್ಲಿ ದುಡಿದುದಕ್ಕೆ 1571ರಲ್ಲಿ ಅವರಿಗೆ ವಿನಾಯಿತಿ ಪತ್ರಗಳು ಸಿಕ್ಕಿವೆ. ಕೋಶೂ ಚಿನ್ನದ ನಾಣ್ಯ ತೂಕದ ಮೇಲಲ್ಲ, ಎಣಿಕೆಯ ಮೇಲೆ ನಡೆಯುತ್ತಿತ್ತು: 1 ರ್ಯೋ ಅಂದರೆ 4 ಬು, 16 ಶು, 64 ಇತೊಮೆ. ನಾಲ್ಕರ ಈ ಲೆಕ್ಕವನ್ನು ಮುಂದೆ ಜಪಾನನ್ನೆಲ್ಲ ಆಳಿದ ತೊಕುಗಾವಾ ಮನೆತನದ ಸರ್ಕಾರ ದೇಶಕ್ಕೆಲ್ಲ ತಂದಿತು.

ಚಿನ್ನವಿತ್ತು, ಉಪ್ಪಿರಲಿಲ್ಲ. 1567ರಲ್ಲಿ ಸುರುಗಾದ ಇಮಾಗಾವಾಗಳು ಉಪ್ಪು ತಡೆದರು. ಶತ್ರುವಾದ ಕೆನ್‌ಶಿನ್ ಕನಿಕರದಿಂದ ಉಪ್ಪು ಕಳಿಸಿದ ಎಂಬ ಕಥೆ ಜಪಾನಿನಲ್ಲಿ ಗಾದೆಯೇ ಆಗಿದೆ. ವಾಸ್ತವ ಇಷ್ಟು: ಅವನು ತಡೆಗೆ ಕೈಜೋಡಿಸಲಿಲ್ಲ, ವ್ಯಾಪಾರಿಗಳು ಎಂದಿನಂತೆ ಮಾರಿದರು. ಮರುವರ್ಷ ಶಿಂಗೆನ್ ಸುರುಗಾಕ್ಕೇ ನುಗ್ಗಿದ. ಕಡಲು ಬೇಕಿತ್ತು. ಅವನು ಸತ್ತದ್ದು 1573ರಲ್ಲಿ, 1582ರಲ್ಲಿ ಮಗ ಕತ್ಸುಯೊರಿಯೊಂದಿಗೆ ಮನೆತನ ಮುಗಿಯಿತು. ಹಳೆಯ ದಾಖಲೆಯಲ್ಲಿ ಶಿಂಗೆನ್ ತೀರಿಕೊಂಡದ್ದು ‘ನಾಲ್ಕನೇ ತಿಂಗಳ 12’ ಎಂದಿದ್ದರೆ ಏಪ್ರಿಲ್ ಎಂದುಕೊಳ್ಳಬೇಡಿ. ಅದು ಚಾಂದ್ರಮಾನ, ನಮ್ಮ ಲೆಕ್ಕಕ್ಕೆ ಮೇ 13.

ಉಪ್ಪಿನ ತೊಂದರೆ ನಿಜವಾಗಿ ನೀಗಿಸಿದವನು ವ್ಯಾಪಾರಿ. ತೊಕುಗಾವಾ ಇಯೆಯಾಸು ಅಪ್ಪಣೆಯಂತೆ ಕ್ಯೋತೊದ ಸುಮಿನೊಕುರಾ ರ್ಯೋಯಿ 1607ರಿಂದ ಫುಜಿ ನದಿಯ ಬಂಡೆಗಳನ್ನು ಒಡೆಸಿ ದೋಣಿ ದಾರಿ ಮಾಡಿದ. ಕಜಿಕಜಾವಾದಿಂದ ಕೆಳಗಿನ ಇವಾಬುಚಿಗೆ ಸುಮಾರು 72 ಕಿ.ಮೀ. ಇಳಿಯಲು ಅರ್ಧ ದಿನ, ಹತ್ತಲು ನಾಲ್ಕೈದು ದಿನ: ಒಬ್ಬ ದೋಣಿ ನಿಭಾಯಿಸಿದರೆ ಉಳಿದವರು ದಡದ ಮೇಲೆ ಹಗ್ಗ ಹೆಗಲಿಗೇರಿಸಿ ಎಳೆಯಬೇಕು. ‘ಇಳಿಯುವ ಅಕ್ಕಿ, ಏರುವ ಉಪ್ಪು’ ಎಂಬುದು ಆ ದಾರಿಯ ಮಾತು. ಚಿತ್ರಕಾರ ಹೊಕುಸಾಯಿಯ ಫುಜಿ ಚಿತ್ರಗಳಲ್ಲಿ ಬಂಡೆಯ ತುದಿಯಲ್ಲಿ ನಿಂತು ಬಲೆಯ ಹಗ್ಗ ಹಿಡಿದ ಬೆಸ್ತನನ್ನು ನೀವು ನೋಡಿರಬಹುದು. ಅಲೆ ನೋಡಿ ಕಡಲೆಂದುಕೊಳ್ಳುವವರೇ ಹೆಚ್ಚು. ಅದು ಕಡಲಲ್ಲ, ಇದೇ ಕಜಿಕಜಾವಾ. 1903ರಲ್ಲಿ ರೈಲು ಕೋಫು ಮುಟ್ಟಿದ ಮೇಲೆ ದೋಣಿಗಳು ಕರಗಿದವು.

1724ರಿಂದ ಇಡೀ ಕಾಯಿ ಶೋಗುನ್‌ನ, ಅಂದರೆ ತೊಕುಗಾವಾ ದೊರೆಯ, ನೇರ ಆಳ್ವಿಕೆಗೆ ಬಂದರೂ ಮೂರು ಹಳೆಯ ಪದ್ಧತಿ ಬಿಡಲಿಲ್ಲ: ಚಿನ್ನ, ಅಳತೆ, ತೆರಿಗೆ. ಕೋಶೂ ಅಳತೆಯ ಒಂದು ಪಾತ್ರೆ ಕ್ಯೋತೊ ಅಳತೆಯ ಮೂರಕ್ಕೆ ಸಮ, ಸುಮಾರು 5.4 ಲೀಟರ್. ನಮ್ಮಲ್ಲಿ ಕೊಳಗ, ಖಂಡುಗ ಸೀಮೆಗೊಂದು ಇದ್ದ ಹಾಗೆ. ಯಾವ ಅಳತೆ ಎಂದು ನೋಡದೆ ಕೂಡಿದರೆ ಲೆಕ್ಕ ಮೂರು ಪಟ್ಟು ತಪ್ಪುತ್ತದೆ. ತೆರಿಗೆ ಇನ್ನೂ ಸ್ವಾರಸ್ಯ. ಒಬ್ಬನ ಕಂದಾಯ 9 ಕೊಕು ಎನ್ನಿ. ಅದರ ಮೂರನೇ ಒಂದು, 3 ಕೊಕು, 4.14 ಕೊಕುವಿಗೆ 1 ರ್ಯೋ ಎಂಬ ನಿಗದಿತ ದರದಲ್ಲಿ ಹಣವಾಗಿ. ಉಳಿದ ಆರರಲ್ಲಿ 2 ಕೊಕು ಆ ವರ್ಷದ ಪೇಟೆ ದರದಲ್ಲಿ ಹಣವಾಗಿ. ಮಿಕ್ಕ 4 ಅಕ್ಕಿಯಾಗಿಯೇ. ಪೇಟೆಯಲ್ಲಿ ಕೊಕುವಿಗೆ 1 ರ್ಯೋ ಇದ್ದರೆ, ಮೊದಲ ಕಂತಿಗೆ 3 ರ್ಯೋ ಬದಲು 0.72 ರ್ಯೋ ಸಾಕು. ಅಕ್ಕಿ ತುಟ್ಟಿಯಾದಷ್ಟೂ ರೈತನಿಗೆ ಲಾಭ. 1872ರಲ್ಲಿ ಹೊಸ ಸರ್ಕಾರ ಇದನ್ನು ರದ್ದು ಮಾಡಿದಾಗ ಕುನಿನಾಕದ ರೈತರು ದಂಗೆ ಎದ್ದದ್ದರಲ್ಲಿ ಆಶ್ಚರ್ಯವಿಲ್ಲ.

ನೀವು ಹೋಗುವಾಗ ತೋಕ್ಯೊದಿಂದ ಚೂಓ ರೈಲಿನಲ್ಲಿ ಎಡಗಡೆ ಕಿಟಕಿ ಹಿಡಿಯಿರಿ. ಸಸಾಗೊ ಸುರಂಗ ದಾಟಿ, ಇನ್ನೊಂದು ಸುರಂಗದಿಂದ ಕತ್ಸುನುಮಾಕ್ಕೆ ಹೊರಬಿದ್ದೊಡನೆ ಇಡೀ ಬೋಗುಣಿ ಕೆಳಗೆ ಹರಡಿಕೊಳ್ಳುತ್ತದೆ. ಇಳಿಜಾರಿನ ತುಂಬ ಚಪ್ಪರದ ದ್ರಾಕ್ಷಿ, ಪೀಚ್. ಹೆಸರು ಕಾಯಿ, ದೇಶಕ್ಕೆಲ್ಲ ಹಣ್ಣು. ಕಾರಣ ಅದೇ ಬೀಸಣಿಗೆ ಕಲ್ಲುನೆಲ: ನೀರು ನಿಲ್ಲದೆ ಬಸಿದುಹೋಗುವುದರಿಂದ ಗದ್ದೆಗೆ ಬಾರದು, ದ್ರಾಕ್ಷಿ ಬೇರಿಗೆ ಹಿತ. ಮಿದಾಯಿ ಬೀಸಣಿಗೆಯ ಒಣ ಹಳ್ಳಿಗಳ ಬಗ್ಗೆ ‘ಬೆಳದಿಂಗಳಿಗೂ ಸುಟ್ಟುಹೋಗುತ್ತದೆ’ ಎಂಬ ಮಾತಿತ್ತು. 1665ರಲ್ಲಿ ಶುರುವಾದ ಸುಮಾರು 17 ಕಿ.ಮೀ. ಉದ್ದದ ತೊಕುಶಿಮಾ ಕಾಲುವೆ ಆ ಬಾಯಾರಿಕೆಯನ್ನು ಸ್ವಲ್ಪ ತೀರಿಸಿತು. ಬೆಟ್ಟ ಬೋಳಾದರೆ ಏನಾಗುತ್ತದೆ ಎಂಬುದನ್ನು 1907ರ ಆಗಸ್ಟ್ ತೋರಿಸಿತು: 233 ಜನ ಸತ್ತರು, ಫುಯೆಫುಕಿ ತನ್ನ ಪಾತ್ರವನ್ನೇ ಬದಲಿಸಿತು. 1911ರಲ್ಲಿ ಅರಮನೆಗೆ ಸೇರಿದ್ದ ಕಾಡನ್ನು ಯಮನಾಶಿಯ ಆಡಳಿತಕ್ಕೆ ಕೊಡಲಾಯಿತು.

ಬೋಗುಣಿಯ ತಗ್ಗಿನಲ್ಲಿ, ನೀರು ನಿಲ್ಲುವ ಕಡೆ, ಬೇರೆಯೇ ಸಂಕಟ. ಗದ್ದೆಗಿಳಿದವರ ಹೊಟ್ಟೆ ಊದಿ ಸಾಯುವ ಕಾಯಿಲೆಗೆ ‘ಈ ಸೀಮೆಯ ರೋಗ’ ಎಂದೇ ಹೆಸರಿತ್ತು. ಸುಗಿಯಾಮಾ ನಾಕ ಎಂಬ ರೈತ ಮಹಿಳೆ ತಾನು ಸತ್ತ ಮೇಲೆ ದೇಹ ಕೊಯ್ದು ಕಾರಣ ಹುಡುಕಿ ಎಂದು ಹೇಳಿ 1897ರಲ್ಲಿ ತೀರಿಕೊಂಡಳು. 1904ರಲ್ಲಿ ಕತ್ಸುರಾದಾ ಫುಜಿರೋ ಇಲ್ಲಿನ ಒಂದು ಬೆಕ್ಕಿನ ದೇಹದಲ್ಲಿ ರಕ್ತನಾಳದ ಹುಳು ಕಂಡರು. 1913ರಲ್ಲಿ ಮಿಯಾಇರಿ ಕೆಯಿನೊಸುಕೆ, ಹುಳುವಿನ ಮರಿ ಬೆಳೆಯುವುದು ಭತ್ತದ ಕಾಳಿನಷ್ಟು ಚಿಕ್ಕ ಬಸವನಹುಳುವಿನಲ್ಲಿ ಎಂದು ತೋರಿಸಿದರು. ಆ ಬಸವನಹುಳು ಒದ್ದೆ ಮಣ್ಣಿನ ದಡ ಬಿಟ್ಟರೆ ಬದುಕದು. ಆದ್ದರಿಂದ ಮಣ್ಣಿನ ಕಾಲುವೆಗಳಿಗೆಲ್ಲ ನೇರ ಗೋಡೆಯ ಕಾಂಕ್ರೀಟ್ ಹಾಕಿ ನೀರು ರಭಸವಾಗಿ ಹರಿಯುವಂತೆ ಮಾಡಿದರು, ಗದ್ದೆ ತೆಗೆದು ತೋಟ ಮಾಡಿದರು. ರೋಗ ಮುಗಿಯಿತೆಂದು ಘೋಷಿಸಿದ್ದು 1996ರಲ್ಲಿ. ಕೋಫುವಿನ ಪಶ್ಚಿಮಕ್ಕೆ ಸೈಕಲ್ಲಿನಲ್ಲಿ ಹೋದರೆ ಹಣ್ಣಿನ ತೋಟಗಳ ಅಂಚಿನಲ್ಲಿ ಮೊಣಕಾಲುದ್ದದ ಬೂದು ಕಾಲುವೆಗಳು ಎಲ್ಲೆಲ್ಲೂ ಸಿಗುತ್ತವೆ, ಹುಲ್ಲಿನ ಎಸಳೂ ಇಲ್ಲದೆ. ನೋಡಲು ಬೋಳು ಅನ್ನಿಸಿದರೆ, ಅವು ಬೋಳಾಗಿರುವುದು ಇದಕ್ಕೆ.